ಹಾಸು ದೇವರದು, ಲಾಳಿ ನಮ್ಮ ಕೈಯಲ್ಲಿ: ಕೃಪೆಯೊಳಗೆ ಶ್ರಮಿಸುವ ಕ್ರಮ

ಈಸ್ಟರಿಗೆ ಮುಂಚಿನ ನಲವತ್ತು ದಿನದ ತಪಸ್ಸುಕಾಲ ಶುರುವಾಗುವ ಬೂದಿ ಬುಧವಾರ ಮಾಡಿದ ಸಂಕಲ್ಪಗಳು ಬಹಳ ಮನೆಗಳಲ್ಲಿ ಮೂರನೆಯ ವಾರಕ್ಕೇ ಸಡಿಲಾಗುತ್ತವೆ. ನಸುಕಿನ ನಾಲ್ಕಕ್ಕೆ ಏಳುತ್ತೇನೆ, ದಿನಕ್ಕೆ ಐದು ಅಧ್ಯಾಯ ಓದುತ್ತೇನೆ, ಸಿಟ್ಟು ಬಿಡುತ್ತೇನೆ, ಚಹಾ ಬಿಡುತ್ತೇನೆ ಎಂದು ಎಲ್ಲವನ್ನೂ ಒಟ್ಟಿಗೆ ಹೊತ್ತವರು ಒಂದು ದಿನ ತಪ್ಪಿದ ಕೂಡಲೇ ಎಲ್ಲವನ್ನೂ ಒಟ್ಟಿಗೆ ಇಳಿಸಿಬಿಡುತ್ತಾರೆ. ಆಮೇಲೆ ಬರುವುದು ಎರಡೇ ಮಾತು. ಒಂದು, "ನನ್ನಂಥವರಿಂದ ಇದು ಆಗುವುದಲ್ಲ." ಇನ್ನೊಂದು, "ಎಲ್ಲ ಕೃಪೆಯೇ ಅಂದಮೇಲೆ ನಾನೇಕೆ ಒದ್ದಾಡಬೇಕು?" ಎರಡೂ ಮಾತು ಒಂದೇ ಬೇರಿನಿಂದ ಹುಟ್ಟುತ್ತವೆ. ದೇವರ ಪಾಲು ಇಷ್ಟು, ನನ್ನ ಪಾಲು ಇಷ್ಟು ಎಂದು ತಕ್ಕಡಿ ಹಿಡಿದು ತೂಗುವ ಲೆಕ್ಕವೇ ಆ ಬೇರು.

ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕ್ರೈಸ್ತ ಮನೆಗಳಲ್ಲಿ, ಸಭೆ ಯಾವುದೇ ಇರಲಿ, ನಲವತ್ತು ದಿನ ಇಟ್ಟುಕೊಂಡು ನೋಡಬಹುದಾದ ಒಂದು ಕ್ರಮವನ್ನು ಇಲ್ಲಿ ಹೇಳುತ್ತೇವೆ. ಇದಕ್ಕೆ ತಪಸ್ಸುಕಾಲವೇ ಬರಬೇಕೆಂದಿಲ್ಲ.

ತಕ್ಕಡಿ ಬಿಡಿ, ಮಗ್ಗ ನೋಡಿ

ಇಳಕಲ್ಲಿನ ಸೀರೆಯಾಗಲಿ, ಗುಳೇದಗುಡ್ಡದ ಖಣವಾಗಲಿ, ಮಗ್ಗದಲ್ಲಿ ಮೊದಲು ಹೂಡುವುದು ಹಾಸು. ಉದ್ದದ ಎಳೆಗಳು ಬಿಗಿಯಾಗಿ ನಿಂತ ಮೇಲೆಯೇ ಲಾಳಿ ಓಡುತ್ತದೆ, ಹೊಕ್ಕು ಬೀಳುತ್ತದೆ. ಹಾಸಿಲ್ಲದ ಮಗ್ಗದಲ್ಲಿ ಬೆಳಗಿನಿಂದ ಸಂಜೆಯವರೆಗೆ ಲಾಳಿ ಎಸೆದರೂ ಒಂದು ಗೇಣು ಬಟ್ಟೆ ಆಗದು. ಹಾಸು ಹೂಡಿದೆ ಎಂದು ನೇಕಾರ ಕೈಕಟ್ಟಿ ಕುಳಿತರೆ ಎಳೆಗಳು ಎಳೆಗಳಾಗಿಯೇ ಉಳಿಯುತ್ತವೆ. ನೇಯ್ದ ಬಟ್ಟೆಯಲ್ಲಿ ಹಾಸಿನ ಪಾಲು ಎಷ್ಟು, ಹೊಕ್ಕಿನ ಪಾಲು ಎಷ್ಟು ಎಂದು ಯಾರೂ ಕೇಳುವುದಿಲ್ಲ. ಈ ಉಪಮೆಗೂ ಒಂದು ಮಿತಿ ಇದೆ: ಕ್ರೈಸ್ತ ಬದುಕಿನಲ್ಲಿ ಲಾಳಿ ಎಸೆಯುವ ಕೈಗೆ ಬಲ ಬರುವುದೂ ದೇವರಿಂದಲೇ.

ಪೌಲನು ಸೆರೆಯಿಂದ ಫಿಲಿಪ್ಪಿಯವರಿಗೆ ಬರೆದದ್ದು ಇದನ್ನೇ (ಫಿಲಿಪ್ಪಿ 2:12-13). ನಿಮ್ಮ ರಕ್ಷಣೆಯನ್ನು ಭಯಭಕ್ತಿಯಿಂದ ಸಾಧಿಸಿಕೊಳ್ಳಿರಿ ಎನ್ನುತ್ತಾನೆ. ಅದರ ಬೆನ್ನಿಗೇ, ಇಚ್ಛೆಯನ್ನೂ ಕಾರ್ಯವನ್ನೂ ನಿಮ್ಮಲ್ಲಿ ಉಂಟುಮಾಡುವವರು ದೇವರೇ ಎಂದು ಕಾರಣ ಕೊಡುತ್ತಾನೆ. ಎರಡು ವಚನಗಳ ನಡುವೆ "ಆದರೆ" ಇಲ್ಲ, "ಏಕೆಂದರೆ" ಇದೆ. ಓದುವಾಗ ಈ ಒಂದು ಪದಕ್ಕೆ ಪೆನ್ಸಿಲಿನಿಂದ ಗೆರೆ ಎಳೆದುಕೊಳ್ಳಿ. ದೇವರು ಕೆಲಸ ಮಾಡುತ್ತಿದ್ದಾರೆ, ಆದ್ದರಿಂದಲೇ ನಾವು ಮಾಡುವುದಕ್ಕೆ ಅರ್ಥ. ಇನ್ನೊಂದು ಸೂಕ್ಷ್ಮವಿದೆ. ಪತ್ರ ಹೋದದ್ದು ಆಗಲೇ ವಿಶ್ವಾಸಿಗಳಾಗಿದ್ದವರಿಗೆ, ಮತ್ತು "ನಿಮ್ಮ" ಎಂಬುದು ಬಹುವಚನ. ಒಬ್ಬಂಟಿಯಾಗಿ ಕೋಣೆಯ ಬಾಗಿಲು ಹಾಕಿಕೊಂಡು ಮಾಡುವ ಸಾಧನೆಯಲ್ಲ, ಸಭೆಯ ಕೆಲಸ ಅದು.

ನಮ್ಮ ಸೀಮೆಯ ಕನ್ನಡಕ್ಕೆ ಈ ವಿಷಯದಲ್ಲಿ ಒಂದು ಅನುಕೂಲವಿದೆ. ಕೂಡಲಸಂಗಮದ ನೆಲದಲ್ಲಿ ಕಾಯಕ, ಪ್ರಸಾದ ಎರಡೂ ದಿನಬಳಕೆಯ ಮಾತು. ಶರಣರು ಆ ಮಾತುಗಳಿಗೆ ಕೊಟ್ಟ ಅರ್ಥ ಅವರದು, ಅದನ್ನು ಇಲ್ಲಿ ಬೆರೆಸಬೇಕಿಲ್ಲ. ಆದರೆ ಪ್ರಸಾದವನ್ನು ಕೊಂಡುಕೊಳ್ಳುವುದಿಲ್ಲ, ಕೈ ಚಾಚಿ ತೆಗೆದುಕೊಳ್ಳುತ್ತೇವೆ ಎನ್ನುವುದನ್ನು ಇಲ್ಲಿನ ಮಗುವಿಗೂ ಹೇಳಿಕೊಡಬೇಕಿಲ್ಲ. ಕಥೋಲಿಕರು "ವರಪ್ರಸಾದ" ಎನ್ನುವುದನ್ನು ಪ್ರೊಟೆಸ್ಟೆಂಟರು "ಕೃಪೆ" ಎನ್ನುತ್ತಾರೆ. ಕೈ ಚಾಚುವುದು ನಿಜವಾದ ಕೆಲಸ, ಚಾಚದಿದ್ದರೆ ಕೈ ಬರಿದು. ಹಾಗೆಂದು ಚಾಚಿದ್ದು ಬೆಲೆ ಕೊಟ್ಟಂತೆಯೂ ಅಲ್ಲ. ಪ್ರಾರ್ಥನೆ, ಓದು, ಉಪವಾಸ, ದಾನ ಎಲ್ಲವೂ ಚಾಚಿದ ಕೈ. ಮುಂದೆ ಹೇಳುವ ಪ್ರತಿ ಹೆಜ್ಜೆಗೂ ಇದೇ ಅಳತೆಗೋಲು.

ಮೊದಲ ಏಳು ದಿನ: ಯಾವ ಕಡೆ ವಾಲಿದ್ದೀರಿ?

ಮೊದಲ ವಾರ ಹೊಸದೇನನ್ನೂ ಶುರು ಮಾಡಬೇಡಿ. ನೂರು ಪುಟದ ಒಂದು ನೋಟ್‌ಬುಕ್ ತೆಗೆದುಕೊಂಡು, ರಾತ್ರಿ ಮಲಗುವ ಮುಂಚೆ ಎರಡು ಸಾಲು ಬರೆಯಿರಿ. ಇವತ್ತು ದೇವರ ನೆನಪು ಬಂದಾಗ ಮನಸ್ಸಿನಲ್ಲಿ ಮೊದಲು ಎದ್ದದ್ದು ಏನು? ಬದಲಾಗಬೇಕು ಎಂದು ಗೊತ್ತಿದ್ದೂ ಇವತ್ತು ಮುಂದೂಡಿದ್ದು ಏನು? ಏಳು ದಿನಕ್ಕೆ ಹದಿನಾಲ್ಕು ಸಾಲು ಸಾಕು.

ಸ್ವಪ್ರಯತ್ನದ ಕಡೆ ವಾಲಿದವರ ಸಾಲುಗಳಲ್ಲಿ ಭಯ ಹೆಚ್ಚು. ಬೆಳಗಿನ ಪ್ರಾರ್ಥನೆ ತಪ್ಪಿತು, ಇವತ್ತು ಏನೋ ಕೆಟ್ಟದ್ದಾಗುತ್ತದೆ ಎಂಬ ಅಳುಕು. ಶುಕ್ರವಾರದ ಉಪವಾಸ ಕೂಟಕ್ಕೆ ಯಾರು ಬಂದರು, ಯಾರು ಬರಲಿಲ್ಲ ಎಂಬ ಎಣಿಕೆ. "ಇಷ್ಟು ವರ್ಷ ಪ್ರಾರ್ಥಿಸಿದೆ, ಆದರೂ ಮಗನಿಗೆ ನೌಕರಿ ಸಿಗಲಿಲ್ಲ" ಎಂಬ ಬೇಸರ. ಈ ಕೊನೆಯದನ್ನು ನಿಂತು ನೋಡಬೇಕು. ಅದು ಹರಕೆಯ ಲೆಕ್ಕ. ಇಷ್ಟು ಕೊಟ್ಟೆ, ಇಷ್ಟು ಬರಬೇಕು. ನಮ್ಮ ಕಡೆ ಈ ಲೆಕ್ಕ ರಕ್ತದಲ್ಲೇ ಇದೆ, ದೀಕ್ಷಾಸ್ನಾನದ ನೀರು ಅದನ್ನು ಒಂದೇ ದಿನದಲ್ಲಿ ತೊಳೆಯುವುದಿಲ್ಲ. ನೋವಿನಿಂದ ದೇವರ ಮುಂದೆ ಅತ್ತರೆ ತಪ್ಪಿಲ್ಲ, ಕೀರ್ತನೆಗಳ ತುಂಬ ಅದೇ ಇದೆ. ಆದರೆ ಸಾಲ ವಸೂಲಿಗೆ ಬಂದವರ ದನಿಯಲ್ಲಿ ಕೇಳುವುದೇ ಬೇರೆ.

ಇನ್ನೊಂದು ಕಡೆ ವಾಲಿದವರ ಸಾಲುಗಳು ನೆಮ್ಮದಿಯಾಗಿ ಕಾಣುತ್ತವೆ, ಆದರೆ ಏನೂ ಕದಲುವುದಿಲ್ಲ. ಅದೇ ಪಾಪವನ್ನು ಅದೇ ಮಾತಿನಲ್ಲಿ ಮೂರು ವರ್ಷದಿಂದ ಒಪ್ಪಿಕೊಳ್ಳುತ್ತಿರುತ್ತಾರೆ, ಅದರ ವಿರುದ್ಧ ಒಂದು ಹೆಜ್ಜೆಯೂ ಇಟ್ಟಿರುವುದಿಲ್ಲ. ಅಂಗಡಿಯ ಉದ್ರಿ ತೀರಿಸಿರುವುದಿಲ್ಲ. "ಕರ್ತನು ಬದಲಾಯಿಸಿದಾಗ ಬದಲಾಗುತ್ತೇನೆ" ಎನ್ನುತ್ತಾರೆ, ಯಾರಾದರೂ ತಿದ್ದಲು ಬಂದರೆ ಮುಖ ಗಂಟು ಹಾಕುತ್ತಾರೆ. ತೀತನಿಗೆ ಬರೆದ ಪತ್ರ (2:11-12) ಇಂಥವರಿಗೇ: ಕೃಪೆ ಕ್ಷಮಿಸಿ ಸುಮ್ಮನಾಗುವುದಿಲ್ಲ, ಬೇಡವಾದದ್ದಕ್ಕೆ ಬೇಡ ಎನ್ನುವುದನ್ನು ಕಲಿಸುತ್ತದೆ. ಅಲ್ಲಿನ ಮೂಲಪದ ಮಕ್ಕಳನ್ನು ತಿದ್ದಿ ಬೆಳೆಸುವ ಪದ.

ಹೆಚ್ಚಿನವರು ಎರಡೂ ಕಡೆ ಇರುತ್ತಾರೆ. ಜನ ನೋಡುವ ವಿಷಯದಲ್ಲಿ ಬಿಗಿ, ಯಾರೂ ನೋಡದ ವಿಷಯದಲ್ಲಿ ಸಡಿಲ. ದೇವಾಲಯಕ್ಕೆ ಒಂದು ದಿನವೂ ತಪ್ಪಿಸದವರು ಸೊಸೆಯ ಹತ್ತಿರ ಆಡುವ ಮಾತಿಗೆ ಲಗಾಮು ಹಾಕಿರುವುದಿಲ್ಲ. ಏಳನೆಯ ದಿನ ಆ ಹದಿನಾಲ್ಕು ಸಾಲು ಓದಿ, ಎಲ್ಲಿ ಬಿಗಿ ಇದೆ, ಎಲ್ಲಿ ಸಡಿಲ ಇದೆ ಎಂದು ಒಂದೊಂದು ವಾಕ್ಯ ಬರೆದಿಡಿ. ಮುಂದಿನ ಕ್ರಮವೆಲ್ಲ ಈ ಎರಡು ವಾಕ್ಯಗಳ ಮೇಲೆ ನಿಲ್ಲುತ್ತದೆ.

ಬೆಳಗಿನ ಇಪ್ಪತ್ತು ನಿಮಿಷ

ಇಪ್ಪತ್ತಕ್ಕಿಂತ ಹೆಚ್ಚು ಬೇಡ. ಮೊದಲ ನಲವತ್ತು ದಿನ ಒಂದು ಗಂಟೆ ಇಟ್ಟುಕೊಂಡವರಲ್ಲಿ ಉಳಿಯುವವರು ಕಡಿಮೆ. ಗಂಟೆ ಮುಟ್ಟಲಾಗದ ದಿನ ಐದು ನಿಮಿಷವೂ ಕೂರುವುದಿಲ್ಲ, ಅದೇ ತೊಂದರೆ.

ಮೊದಲ ಮೂರು ನಿಮಿಷ ಕೇಳಿಕೊಳ್ಳುವುದಕ್ಕೆ. ಓದುವ ಮೊದಲು, ಏನನ್ನಾದರೂ ಮಾಡುತ್ತೇನೆ ಎಂದು ಮಾತು ಕೊಡುವ ಮೊದಲು. "ಕರ್ತನೇ, ಇವತ್ತು ಬೇಕಾದ ಮನಸ್ಸನ್ನೂ ನೀನೇ ಕೊಡು" ಎಂದರೆ ಆಯಿತು. ಈ ಬಗೆಯ ಪ್ರಾರ್ಥನೆಗೆ ಹಳೆಯ ಬೇರಿದೆ. ನೀವು ಆಜ್ಞಾಪಿಸುವುದನ್ನು ನೀವೇ ದಯಪಾಲಿಸಿ ಎಂದು ಬಿಷಪ್ ಆಗಸ್ಟಿನ್ ಬರೆದ ಪ್ರಾರ್ಥನೆಯನ್ನು ಕೇಳಿ ಆ ಕಾಲದ ಪೆಲಾಗಿಯಸ್ ಎಂಬ ಬೋಧಕ ಸಿಟ್ಟಾದ. ಹೀಗೆ ಹೇಳಿದರೆ ಜನ ಸೋಮಾರಿಗಳಾಗುತ್ತಾರೆ ಎಂಬುದು ಅವನ ಚಿಂತೆ. ಮನುಷ್ಯ ತನ್ನ ಬಲದಿಂದಲೇ ಆಜ್ಞೆಗಳನ್ನು ಪಾಲಿಸಬಲ್ಲ ಎಂಬ ಆ ಬೋಧನೆಯನ್ನು 418ರಲ್ಲಿ ಕಾರ್ಥೇಜಿನಲ್ಲಿ ಸೇರಿದ ಬಿಷಪರು ತಳ್ಳಿಹಾಕಿದರು. 529ರಲ್ಲಿ ಆರೆಂಜಿನಲ್ಲಿ ಸೇರಿದ ಬಿಷಪರ ಸಭೆ ಇನ್ನೂ ಒಂದು ಹೆಜ್ಜೆ ಹೋಗಿ, ನಂಬಿಕೆಯ ಮೊದಲ ತುಡಿತವೂ ಕೃಪೆಯದೇ ಎಂದಿತು. ಕೇಳಿಕೊಳ್ಳುವುದನ್ನು ಮೊದಲಿಗೆ ಇಟ್ಟದ್ದು ಇದಕ್ಕಾಗಿಯೇ.

ನಂತರ ಹತ್ತು ನಿಮಿಷ ಓದು. ಮಾರ್ಕನ ಸುವಾರ್ತೆ ಹದಿನಾರು ಅಧ್ಯಾಯ. ದಿನಕ್ಕೆ ಸುಮಾರು 17 ವಚನ ಓದಿದರೆ ನಲವತ್ತು ದಿನಕ್ಕೆ ಮುಗಿಯುತ್ತದೆ. ಒಮ್ಮೆ ಬಾಯಿಬಿಟ್ಟು ಓದಿ, ಇನ್ನೊಮ್ಮೆ ನಿಧಾನವಾಗಿ ಓದಿ. ಮೊದಲ ಓದಿನಲ್ಲಿ ಯೇಸು ಏನು ಮಾಡಿದರು ಎಂದು ನೋಡಿ. ನಾನು ಏನು ಮಾಡಬೇಕು ಎಂಬುದು ಎರಡನೆಯ ಓದಿಗೆ ಇರಲಿ. ಈ ಅನುಕ್ರಮ ತಿರುವುಮುರುವಾದರೆ ಸುವಾರ್ತೆ ಕೆಲಸದ ಪಟ್ಟಿಯಾಗಿಬಿಡುತ್ತದೆ. ಪುಸ್ತಕದಲ್ಲೇ ಓದಿ. ಮೊಬೈಲಿನಲ್ಲಿ ಓದಲು ಕುಳಿತವರ ಕೈ ನಾಲ್ಕನೆಯ ನಿಮಿಷಕ್ಕೆ ವಾಟ್ಸಾಪಿಗೆ ಹೋಗುತ್ತದೆ.

ಐದು ನಿಮಿಷ ಇತರರಿಗಾಗಿ ಪ್ರಾರ್ಥನೆ. ಉಳಿದ ಎರಡು ನಿಮಿಷದಲ್ಲಿ ಆ ದಿನಕ್ಕೆ ಒಂದೇ ಒಂದು ಕೆಲಸ ಗೊತ್ತುಮಾಡಿ ಬರೆಯಿರಿ. "ಪ್ರೀತಿಯಿಂದ ಇರುತ್ತೇನೆ" ಎಂದು ಬರೆದರೆ ಅದು ಕೆಲಸವಲ್ಲ. "ಮಧ್ಯಾಹ್ನ ಊಟದ ಮುಂಚೆ ಅಣ್ಣನಿಗೆ ಫೋನ್ ಮಾಡುತ್ತೇನೆ" ಎಂದರೆ ಕೆಲಸ. ಯಾರು, ಎಲ್ಲಿ, ಎಷ್ಟು ಹೊತ್ತಿಗೆ ಎಂಬುದು ಅದರಲ್ಲಿ ಇರಬೇಕು.

ನಸುಕಿನಲ್ಲೇ ರೊಟ್ಟಿ ಬಡಿಯಲು ಕೂರುವ ತಾಯಂದಿರಿಗೆ ಈ ಹೊತ್ತು ಹೊಂದುವುದಿಲ್ಲ. ಮಕ್ಕಳು ಶಾಲೆಗೆ ಹೋದ ಮೇಲೆ ಕೂರಲಿ. ಕೇಳಿಕೊಳ್ಳುವ ಮೂರು ನಿಮಿಷವನ್ನು ಮಾತ್ರ ಒಲೆ ಹೊತ್ತಿಸುವ ಮುಂಚೆ ನಿಂತಲ್ಲೇ ಮಾಡಲಿ. ಕಬ್ಬು ನುರಿಸುವ ಹಂಗಾಮಿನಲ್ಲಿ ಸಕ್ಕರೆ ಕಾರ್ಖಾನೆಯ ಪಾಳಿ ಬದಲಾಗುತ್ತಲೇ ಇರುತ್ತದೆ. ಅಂಥವರು ಗಡಿಯಾರವನ್ನು ನಂಬದೆ, ನಿದ್ದೆಯಿಂದ ಎದ್ದ ಮೇಲಿನ ಮೊದಲ ಇಪ್ಪತ್ತು ನಿಮಿಷ ಎಂದು ಇಟ್ಟುಕೊಳ್ಳಲಿ.

ರಾತ್ರಿಯ ಹತ್ತು ನಿಮಿಷ

ಸಂತ ಇಗ್ನೇಷಿಯಸ್ ಲೊಯೊಲಾ ಕಲಿಸಿದ ಆತ್ಮಶೋಧನೆಗೆ ಐದು ಹಂತ. ಮೊದಲು ಕೃತಜ್ಞತೆ, ಆಮೇಲೆ ಬೆಳಕಿಗಾಗಿ ಬೇಡಿಕೆ, ದಿನವನ್ನು ಗಂಟೆಗಂಟೆಯಾಗಿ ನೋಡುವುದು, ಕ್ಷಮೆ ಕೇಳುವುದು, ನಾಳೆಯ ನಿರ್ಧಾರ. ಕಥೋಲಿಕರಲ್ಲದವರೂ ಇದನ್ನು ಹಾಗೆಯೇ ಬಳಸಬಹುದು. ಜನ ಜಾರುವುದು ಮೊದಲ ಎರಡು ಹಂತದಲ್ಲಿ. ಹಾಸಿಗೆಯ ಮೇಲೆ ಕುಳಿತು ನೇರವಾಗಿ ತಪ್ಪುಗಳನ್ನು ಎಣಿಸತೊಡಗುತ್ತಾರೆ. ಕೃತಜ್ಞತೆ ಇಲ್ಲದೆ ಮಾಡಿದ ಆತ್ಮಶೋಧನೆ ಪೊಲೀಸ್ ವಿಚಾರಣೆಯಂತಾಗುತ್ತದೆ, ಎರಡು ವಾರಕ್ಕೆ ಮನಸ್ಸು ಅದರಿಂದ ತಪ್ಪಿಸಿಕೊಳ್ಳಲು ನೋಡುತ್ತದೆ. ಆದ್ದರಿಂದ ಹತ್ತರಲ್ಲಿ ನಾಲ್ಕು ನಿಮಿಷ ಕೃತಜ್ಞತೆಗೇ ಕೊಡಿ. ಹೆಸರಿಟ್ಟು ಹೇಳಿ: ಬಸ್ ಸಿಕ್ಕಿತು, ಜ್ವರ ಇಳಿಯಿತು, ಕೋಪ ಬಂದ ಹೊತ್ತಿಗೆ ಬಾಯಿ ಮುಚ್ಚಿಕೊಂಡಿತು. ನಿಮ್ಮ ಶ್ರಮದಿಂದ ಆದದ್ದನ್ನೂ ಈ ಪಟ್ಟಿಗೇ ಸೇರಿಸಿ. ಪೌಲನು ಎಲ್ಲರಿಗಿಂತ ಹೆಚ್ಚು ದುಡಿದೆ ಎಂದು ಹೇಳಿ, ಅದೇ ಉಸಿರಿನಲ್ಲಿ ದುಡಿದದ್ದು ನಾನಲ್ಲ, ನನ್ನೊಂದಿಗಿದ್ದ ದೇವರ ಕೃಪೆ ಎನ್ನುತ್ತಾನೆ (1 ಕೊರಿಂಥ 15:10). ದುಡಿದದ್ದನ್ನು ಮುಚ್ಚಿಡಲೂ ಇಲ್ಲ, ತನ್ನದೆನ್ನಲೂ ಇಲ್ಲ.

ಒಂದು ಹೊತ್ತಿಗೆ ಒಂದೇ ತಪ್ಪು

ಸಡಿಲ ಇದ್ದ ಜಾಗ ಎಂದು ಬರೆದಿಟ್ಟಿದ್ದೀರಲ್ಲ, ಅದನ್ನೇ ತೆಗೆದುಕೊಳ್ಳಿ. ಎರಡನೆಯದನ್ನು ಮುಟ್ಟಬೇಡಿ. ಮನೆಯಲ್ಲಿ ಸಿಡುಕುವುದು ಎಂದುಕೊಳ್ಳೋಣ.

ಈ ಕೆಲಸದ ಮೊದಲ ವಾರ ಬರೀ ಎಣಿಕೆ. ಸಿಡುಕಿದಾಗಲೆಲ್ಲ ನೋಟ್‌ಬುಕ್ಕಿನಲ್ಲಿ ಒಂದು ಚುಕ್ಕೆ, ಪಕ್ಕದಲ್ಲಿ ಹೊತ್ತು ಮತ್ತು ಎದುರಿಗೆ ಇದ್ದವರು. ಮಧ್ಯಾಹ್ನ ಒಮ್ಮೆ, ರಾತ್ರಿ ಒಮ್ಮೆ ಚುಕ್ಕೆ ಎಣಿಸಿ. ಈ ಚುಕ್ಕೆಯ ಪದ್ಧತಿಯೂ ಇಗ್ನೇಷಿಯಸರದೇ. ವಾರದ ಕೊನೆಗೆ ಒಂದು ಆಕಾರ ಕಾಣುತ್ತದೆ: ಸಂಜೆ ಏಳರಿಂದ ಎಂಟರ ನಡುವೆ, ಹಸಿದಾಗ, ಮಗನ ಓದಿನ ವಿಷಯ ಬಂದಾಗ. ಸಿಟ್ಟು ಎಂಬ ದೊಡ್ಡ ಗುಡ್ಡ ಹೀಗೆ ಒಂದು ಗಂಟೆಯ ಸಣ್ಣ ಕಲ್ಲಾಗುತ್ತದೆ.

ಎರಡನೆಯ ವಾರ ಆ ಗಂಟೆಯ ಸುತ್ತ ಏನನ್ನಾದರೂ ಬದಲಾಯಿಸಿ. ಮನೆ ಹೊಗುವ ಮುಂಚೆ ಎರಡು ಭಜ್ಜಿ ತಿಂದು, ಚಹಾ ಕುಡಿದು ಬನ್ನಿ. ಓದಿನ ಮಾತು ಊಟದ ನಂತರಕ್ಕೆ ಹೋಗಲಿ. ಇದು ಆತ್ಮಿಕವಲ್ಲ ಎನಿಸಬಹುದು. ಆದರೆ ಪಾಪಕ್ಕೆ ದಾರಿ ಮಾಡಿಕೊಡಬೇಡಿ ಎನ್ನುವುದೂ ವೇದವಾಕ್ಯವೇ (ರೋಮ 13:14). ಮೂರನೆಯ ವಾರ ವಿರುದ್ಧದ ಒಂದು ಒಳ್ಳೆಯ ಕೆಲಸ ಸೇರಿಸಿ. ಅದೇ ಗಂಟೆಯಲ್ಲಿ ಮಗನಿಗೆ ಒಂದು ಮೆಚ್ಚುಗೆಯ ಮಾತು ಆಡಿ, ಅದು ನಿಜವಾದ ಮೆಚ್ಚುಗೆಯಾಗಿರಲಿ. ತಪ್ಪನ್ನು ಕಿತ್ತ ಜಾಗ ಖಾಲಿ ಬಿಟ್ಟರೆ ಹೊಲದಲ್ಲಿ ಕರಿಕೆ ಬಂದಂತೆ ಮತ್ತೆ ಅದೇ ಬರುತ್ತದೆ. ಪ್ರತಿ ವಾರವೂ ಬೆಳಗಿನ ಮೂರು ನಿಮಿಷದಲ್ಲಿ ಆ ಗಂಟೆಯನ್ನು ಹೆಸರು ಹಿಡಿದು ದೇವರ ಕೈಗೆ ಕೊಡಿ.

ಕೆಲವು ವಿಷಯ ಈ ಕ್ರಮಕ್ಕೆ ನಿಲುಕುವುದಿಲ್ಲ. ದಿನಾಲು ಹೆಚ್ಚು ಕುಡಿಯುವವರು ಪ್ರಾರ್ಥನಾಕೂಟದ ಹುರುಪಿನಲ್ಲಿ ಒಮ್ಮೆಲೇ ನಿಲ್ಲಿಸಿದರೆ ಎರಡು ಮೂರು ದಿನದೊಳಗೆ ನಡುಕ, ಫಿಟ್ಸ್, ಭ್ರಮೆ ಬರಬಹುದು, ಪ್ರಾಣಕ್ಕೂ ಅಪಾಯ. ಮೊದಲು ಜಿಲ್ಲಾಸ್ಪತ್ರೆಯ ವೈದ್ಯರನ್ನು ಕಾಣಲಿ, ಅವರು ಹೇಳಿದಂತೆ ಬಿಡಲಿ. ಹಾಗೆಯೇ, ಒಂದೇ ಪಾಪಕ್ಕೆ ಹತ್ತಾರು ಸಲ ಕ್ಷಮೆ ಕೇಳಿಯೂ ನೆಮ್ಮದಿ ಸಿಗದೆ, ಪ್ರಾರ್ಥನೆಯ ಒಂದು ಶಬ್ದ ತಪ್ಪಿತೆಂದು ಮತ್ತೆ ಮೊದಲಿನಿಂದ ಹೇಳುವವರಿಗೆ ಗೀಳಿನ ಕಾಯಿಲೆ ಇರಬಹುದು. ಅವರಿಗೆ ಹೊಸ ನಿಯಮ ಕೊಟ್ಟರೆ ಕಾಯಿಲೆ ಹೆಚ್ಚುತ್ತದೆ. ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಹತ್ತಿರದಲ್ಲೇ ಇದೆ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಲು ದುಡ್ಡು ಬೇಕಿಲ್ಲ. ಔಷಧಿ ತೆಗೆದುಕೊಳ್ಳುವುದು ನಂಬಿಕೆಯ ಕೊರತೆ ಎಂದು ಹೇಳುವವರ ಮಾತಿಗೆ ದಯವಿಟ್ಟು ಕಿವಿಗೊಡಬೇಡಿ. ವೈದ್ಯರ ಕೈಯಿಂದ ಬಂದದ್ದೂ ಕೃಪೆಯೇ.

ಉಪವಾಸ

ವಾರಕ್ಕೆ ಒಂದು ದಿನ, ಒಂದು ಹೊತ್ತಿನ ಊಟ ಬಿಡುವುದರಿಂದ ಶುರು ಮಾಡಿ. ಶುಕ್ರವಾರ ಬೆಳಗಿನ ಉಪ್ಪಿಟ್ಟು ಬಿಟ್ಟರೆ ಸಾಕು. ಮೂರು ವಾರ ಸಲೀಸಾದ ಮೇಲೆ ಮಧ್ಯಾಹ್ನದವರೆಗೆ ಚಾಚಬಹುದು. ಕಥೋಲಿಕ ಸಭೆಯ ನಿಯಮ ಸ್ಪಷ್ಟವಿದೆ: ಬೂದಿ ಬುಧವಾರ ಮತ್ತು ಶುಭ ಶುಕ್ರವಾರ 18ರಿಂದ 59 ವಯಸ್ಸಿನವರಿಗೆ ಒಂದು ಪೂರ್ಣ ಊಟ, ಬೇಕಾದರೆ ಎರಡು ಸಣ್ಣ ಉಪಾಹಾರ. ಅದಕ್ಕಿಂತ ಕಠಿಣವಾದದ್ದು ಹೆಚ್ಚು ಪವಿತ್ರ ಎಂದು ಎಣಿಸಬೇಕಿಲ್ಲ. ತಪಸ್ಸುಕಾಲ ಬರುವುದೇ ನಮ್ಮ ಕಡೆ ಬಿಸಿಲು ಏರುವ ತಿಂಗಳುಗಳಲ್ಲಿ. ನೀರು ಬಿಡಬೇಡಿ. ಸಕ್ಕರೆ ಕಾಯಿಲೆಯ ಗುಳಿಗೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು, ಬಸುರಿ ಬಾಣಂತಿಯರು, ಬಿಸಿಲಲ್ಲಿ ಕೂಲಿಗೆ ಹೋಗುವವರು ಊಟದ ಬದಲು ಬೇರೇನಾದರೂ ಬಿಡಲಿ. ಸಂಜೆಯ ಧಾರಾವಾಹಿ ಆಗಬಹುದು, ಮೊಬೈಲ್ ಆಗಬಹುದು.

ಬಿಟ್ಟ ಊಟದ ದುಡ್ಡನ್ನು ಒಂದು ಡಬ್ಬಿಗೆ ಹಾಕಿ, ತಿಂಗಳ ಕೊನೆಗೆ ಬೇಕಾದವರಿಗೆ ಹೆಸರಿಲ್ಲದೆ ಮುಟ್ಟಿಸಿ. ಉಪವಾಸ ಹರಕೆಯಾಗದಂತೆ ಕಾಯುವುದಕ್ಕೆ ಇದಕ್ಕಿಂತ ಒಳ್ಳೆಯ ಉಪಾಯ ನಾವು ಕಂಡಿಲ್ಲ. ಭಾನುವಾರ ಉಪವಾಸ ಬೇಡ. ತಪಸ್ಸುಕಾಲದ ನಲವತ್ತು ದಿನಗಳ ಎಣಿಕೆಯಲ್ಲೇ ಭಾನುವಾರಗಳು ಸೇರಿಲ್ಲ, ಅವು ಪುನರುತ್ಥಾನದ ದಿನಗಳು. ಅಂದು ಆರಾಧನೆ, ಪರಮಪ್ರಸಾದ ಅಥವಾ ಕರ್ತನ ಭೋಜನ, ಮನೆಯವರೊಂದಿಗೆ ಹೊಟ್ಟೆ ತುಂಬ ಊಟ. ಚುಕ್ಕೆ ಎಣಿಸುವ ನೋಟ್‌ಬುಕ್ಕನ್ನೂ ಅಂದು ಮುಚ್ಚಿಡಿ.

ಬಿದ್ದಾಗ

ಬೀಳುತ್ತೀರಿ. ಹದಿನೈದನೆಯ ದಿನವೋ ಮೂವತ್ತನೆಯ ದಿನವೋ ಆ ಒಂದು ತಪ್ಪೇ ಮೊದಲಿಗಿಂತ ಜೋರಾಗಿ ಬರಬಹುದು. ಆಗ ಜನ ಸಾಮಾನ್ಯವಾಗಿ ಮಾಡುವುದು ದಂಡ ಕಟ್ಟುವ ಕೆಲಸ: ನಾಳೆ ಎರಡು ಗಂಟೆ ಪ್ರಾರ್ಥನೆ, ಎರಡು ದಿನ ಉಪವಾಸ. ದಂಡ ಕಟ್ಟಿದವರಿಗೆ ಲೆಕ್ಕ ಚುಕ್ತಾ ಆದಂತೆ ಅನಿಸುತ್ತದೆ, ಕ್ಷಮೆ ಪಡೆದ ಅನುಭವ ಆಗುವುದಿಲ್ಲ.

ಬದಲಿಗೆ ಅದೇ ದಿನ ಮೂರು ಕೆಲಸ, ಇದೇ ಅನುಕ್ರಮದಲ್ಲಿ. ತಪ್ಪನ್ನು ಅದರ ಹೆಸರಿನಿಂದಲೇ ದೇವರಿಗೆ ಹೇಳಿ. "ಏನೋ ಬಲಹೀನತೆ" ಅನ್ನಬೇಡಿ, "ಹೆಂಡತಿಯನ್ನು ಮಕ್ಕಳ ಮುಂದೆ ಹೀಯಾಳಿಸಿದೆ" ಅನ್ನಿ. ನಂತರ 1 ಯೋಹಾನ 1:9 ಓದಿ, ಕ್ಷಮೆಯನ್ನು ಸ್ವೀಕರಿಸಿದ್ದಕ್ಕೆ ಬಾಯಿಬಿಟ್ಟು ಸ್ತೋತ್ರ ಹೇಳಿ. ಕಥೋಲಿಕರಿಗೆ ಪಾಪನಿವೇದನೆ ಇದೆ, ಮುಂದಿನ ಶನಿವಾರದವರೆಗೆ ತಳ್ಳಬೇಡಿ. ಕೊನೆಗೆ, ನೋಯಿಸಿದವರ ಹತ್ತಿರ ಹೋಗಿ ಸರಿಪಡಿಸಿ. ಮಕ್ಕಳ ಮುಂದೆ ಹೀಯಾಳಿಸಿದ್ದರೆ ಕ್ಷಮೆಯನ್ನೂ ಮಕ್ಕಳ ಮುಂದೆಯೇ ಕೇಳಬೇಕು. ಸುಂಕದ ಜಕ್ಕಾಯನ ಕಥೆಯಲ್ಲಿ (ಲೂಕ 19) ಈ ಅನುಕ್ರಮ ಎಷ್ಟು ನಿಚ್ಚಳವಾಗಿದೆ ನೋಡಿ. ಮೋಸದಿಂದ ಪಡೆದದ್ದಕ್ಕೆ ನಾಲ್ಕರಷ್ಟು ತಿರುಗಿ ಕೊಡುತ್ತೇನೆ ಎಂದ ಮೇಲೆ ಯೇಸು ಅವನನ್ನು ಕರೆಯಲಿಲ್ಲ. ಮರದ ಮೇಲಿದ್ದವನನ್ನು ಹೆಸರು ಹಿಡಿದು ಕರೆದು, ನಿನ್ನ ಮನೆಯಲ್ಲಿ ಇಳಿದುಕೊಳ್ಳಬೇಕು ಎಂದರು. ಅತಿಥಿ ಮೊದಲು ಬಂದರು, ನಾಲ್ಕರಷ್ಟು ಲೆಕ್ಕ ಆಮೇಲೆ ಬಂತು. ಆದರೆ ಬರದೇ ಇರಲಿಲ್ಲ.

ಮರುದಿನ ಬೆಳಿಗ್ಗೆ ಮತ್ತೆ ಇಪ್ಪತ್ತೇ ನಿಮಿಷ. ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ.

ಹಣ್ಣು ಕಾಣದ ತಿಂಗಳು

ತಿಕೋಟಾ, ಅಥಣಿ, ಜಮಖಂಡಿ ಕಡೆಯ ದ್ರಾಕ್ಷಿ ಬೆಳೆಗಾರರಿಗೆ ಯೋಹಾನ 15 ಬೇರೆಯವರಿಗಿಂತ ಬೇಗ ಹತ್ತಬೇಕು. ವರ್ಷಕ್ಕೆ ಎರಡು ಚಾಟ್ನಿ, ಅಂದರೆ ಬಳ್ಳಿ ಸವರುವ ಕೆಲಸ. ಏಪ್ರಿಲ್ ಚಾಟ್ನಿಯಾದಾಗ ಬಳ್ಳಿ ಬೋಳಾಗಿರುತ್ತದೆ, ಮೇಲೆ ಸುಡು ಬಿಸಿಲು, ಆಮೇಲೆ ಬರುವ ಕಡ್ಡಿಗಳಲ್ಲಿ ತೋರಿಸಿಕೊಳ್ಳುವಂಥ ಗೊನೆ ಇರುವುದಿಲ್ಲ. ಆದರೆ ಆ ದಿನಗಳಲ್ಲೇ ಕಡ್ಡಿಯ ಕಣ್ಣುಗಳೊಳಗೆ ಮುಂದಿನ ಗೊನೆ ರೂಪುಗೊಳ್ಳುತ್ತಿರುತ್ತದೆ. ಅಕ್ಟೋಬರ್ ಚಾಟ್ನಿಯ ನಂತರ ಹೊರಗೆ ಬರುವುದು ಬೇಸಿಗೆಯಲ್ಲಿ ಒಳಗೆ ಆದದ್ದೇ. ಬೆಳೆಗಾರ ಸವರುತ್ತಾನೆ, ಹನಿ ನೀರು ಬಿಡುತ್ತಾನೆ, ಔಷಧ ಹೊಡೆಯುತ್ತಾನೆ, ಕಡ್ಡಿಯನ್ನು ತಂತಿಗೆ ಕಟ್ಟುತ್ತಾನೆ. ಕಣ್ಣಿನೊಳಗೆ ಕೈ ಹಾಕಿ ಗೊನೆ ಮಾಡಲು ಅವನಿಂದ ಆಗದು.

ಯೇಸುವಿನ ಮಾತಿನಲ್ಲಿ ಚಾಟ್ನಿ ಮಾಡುವವರು ತಂದೆ, ನಾವು ಕೊಂಬೆಗಳು. ಗ್ರೀಕ್ ಮೂಲದಲ್ಲಿ ಸವರುವುದಕ್ಕೂ ಶುದ್ಧ ಮಾಡುವುದಕ್ಕೂ ಒಂದೇ ಬೇರಿನ ಪದ. ಕೊಂಬೆಗೆ ಕೊಟ್ಟ ಆಜ್ಞೆ ಒಂದೇ, ನೆಲೆಗೊಂಡಿರು. 4ರಿಂದ 10ನೆಯ ವಚನದೊಳಗೆ ಆ ಕ್ರಿಯಾಪದ ಹತ್ತು ಸಲ ಬರುತ್ತದೆ. ಆದ್ದರಿಂದ ಪ್ರಾರ್ಥನೆ ಮರಳು ಅಗಿದಂತೆ ಅನಿಸುವ ವಾರಗಳಲ್ಲಿ ಕ್ರಮವನ್ನು ಬದಲಾಯಿಸಬೇಡಿ. ಹೊಸ ಪುಸ್ತಕ, ಹೊಸ ಕೂಟ, ಹೊಸ ಯೂಟ್ಯೂಬ್ ಪ್ರಸಂಗಿ ಎಂದು ಓಡಾಡಬೇಡಿ. ಮಾತು ಬಾರದಿದ್ದರೆ ಕೀರ್ತನೆ 13 ಅಥವಾ 42 ಓದಿ ಏಳಿ. ಒಂದು ಮಾತ್ರ ಪರೀಕ್ಷಿಸಿಕೊಳ್ಳಿ: ಗೊತ್ತಿದ್ದೂ ಮುಚ್ಚಿಟ್ಟ ಪಾಪ ಇದೆಯೇ? ನಿದ್ದೆ ಸರಿಯಿದೆಯೇ? ಎರಡೂ ಸರಿಯಿದ್ದರೆ ಇದು ಏಪ್ರಿಲ್ ತಿಂಗಳು ಎಂದುಕೊಂಡು ನೀರು ಬಿಡುತ್ತಿರಿ.

ಇನ್ನೊಂದು ದ್ರಾಕ್ಷಿತೋಟ ಮತ್ತಾಯ 20ರಲ್ಲಿದೆ. ಬೆಳಿಗ್ಗೆಯಿಂದ ಬಿಸಿಲಲ್ಲಿ ದುಡಿದವರಿಗೂ ಸಂಜೆ ಐದಕ್ಕೆ ಬಂದವರಿಗೂ ಒಂದೇ ಪಗಾರ. ಹಾಜರಿ ಪುಸ್ತಕ ನೋಡಿ ಕೂಲಿ ಎಣಿಸಿದ ಯಾರಿಗಾದರೂ ಇದು ಅನ್ಯಾಯವೆಂದೇ ತೋರಬೇಕು. ಹತ್ತು ವರ್ಷದಿಂದ ಕ್ರಮ ಹಿಡಿದವರು ನಿನ್ನೆ ಮೊನ್ನೆ ತಿರುಗಿ ಬಂದ ತಮ್ಮನನ್ನು ನೋಡುವಾಗ ಈ ಅಧ್ಯಾಯವನ್ನು ನೆನೆಯಬೇಕು.

ಬೇರೆ ಬೇರೆ ಸಭೆಯವರು ಒಂದೇ ಮನೆಯಲ್ಲಿದ್ದರೆ

ಲಂಡನ್ ಮಿಷನ್ನಿನ ಜೋಸೆಫ್ ಟೇಲರ್ 1820ರಲ್ಲಿ ಬೆಳಗಾವಿಗೆ ಬಂದರು. ಆ ಕೆಲಸ ಮುಂದೆ ಮೆಥೊಡಿಸ್ಟರ ಕೈಗೆ ಬಂತು. ಬಾಸೆಲ್ ಮಿಷನ್ನಿನವರು ಗುಳೇದಗುಡ್ಡದಲ್ಲಿ ನೆಲೆ ಮಾಡಿದರು, ಅವರ ಪರಂಪರೆ ಇಂದು ಸಿ.ಎಸ್.ಐ.ಯಲ್ಲಿದೆ (ದಕ್ಷಿಣ ಭಾರತ ಸಭೆ). ಬೆಳಗಾವಿ ಕಥೋಲಿಕ ಧರ್ಮಕ್ಷೇತ್ರ 1953ರದು. ಮದುವೆಗಳಿಂದ ಈ ಮೂರೂ ಒಂದೇ ಅಡುಗೆಮನೆಯಲ್ಲಿ ಕೂಡುತ್ತವೆ, "ನೀವು ಕರ್ಮದಿಂದ ರಕ್ಷಣೆ ಅನ್ನುವವರು", "ನೀವು ಬರೀ ನಂಬಿದರೆ ಸಾಕು ಅನ್ನುವವರು" ಎಂಬ ಮಾತು ಹೊರಡುತ್ತದೆ. ಈ ಜಗಳಕ್ಕೆ ಈಗ ಅಷ್ಟು ಆಧಾರವಿಲ್ಲ. 1999ರ ಅಕ್ಟೋಬರ್ 31ರಂದು ಜರ್ಮನಿಯ ಆಗ್ಸ್‌ಬರ್ಗಿನಲ್ಲಿ ಕಥೋಲಿಕರೂ ಲೂಥರನರೂ ಒಂದು ಜಂಟಿ ಘೋಷಣೆಗೆ ಸಹಿ ಹಾಕಿದರು: ನಮ್ಮ ಪುಣ್ಯದಿಂದಲ್ಲ, ಕೃಪೆಯಿಂದ ಮಾತ್ರ, ಕ್ರಿಸ್ತನಲ್ಲಿಟ್ಟ ನಂಬಿಕೆಯಿಂದ ದೇವರು ನಮ್ಮನ್ನು ಅಂಗೀಕರಿಸುತ್ತಾರೆ, ಪವಿತ್ರಾತ್ಮನು ನಮ್ಮನ್ನು ಸತ್ಕಾರ್ಯಗಳಿಗೆ ಸಜ್ಜುಗೊಳಿಸಿ ಕರೆಯುತ್ತಾನೆ ಎಂಬುದು ಅದರ ತಿರುಳು. 2006ರಲ್ಲಿ ವಿಶ್ವ ಮೆಥೊಡಿಸ್ಟ್ ಮಂಡಳಿಯೂ 2017ರಲ್ಲಿ ರಿಫಾರ್ಮ್ಡ್ ಸಭೆಗಳ ಒಕ್ಕೂಟವೂ ಅದಕ್ಕೆ ಕೈಜೋಡಿಸಿದವು. ವ್ಯತ್ಯಾಸಗಳು ಎಲ್ಲ ಅಳಿದಿಲ್ಲ, ಆದರೆ ಅಡುಗೆಮನೆಯ ಆ ಎರಡು ಮಾತೂ ನಿಜವಲ್ಲ.

ಮನೆಯಲ್ಲಿ ಮಾಡಬಹುದಾದದ್ದು ಇಷ್ಟು. ರಾತ್ರಿ ಎಲ್ಲರೂ ಕೂತು ಒಂದು ಕೀರ್ತನೆ ಓದಿ, "ಪರಲೋಕದಲ್ಲಿರುವ ತಂದೆಯೇ" ಒಟ್ಟಿಗೆ ಹೇಳಿ. ಜಪಸರ, ಆತ್ಮಾವೇಶದಲ್ಲಿ ನುಡಿಯುವ ಅನ್ಯಭಾಷೆ, ಸಂತರ ಪ್ರಾರ್ಥನೆಗಳನ್ನು ಅವರವರ ಹೊತ್ತಿಗೆ ಬಿಡಿ.

ಒಬ್ಬರ ಜೊತೆ, ನಲವತ್ತನೆಯ ದಿನ

ಇಡೀ ಕ್ರಮವನ್ನು ಒಬ್ಬರೇ ಮಾಡಿದರೆ ಯಾವ ಕಡೆ ವಾಲುತ್ತಿದ್ದೇವೆ ಎಂಬುದು ಕಣ್ಣಿಗೆ ಬೀಳುವುದಿಲ್ಲ. ಮೆಥೊಡಿಸ್ಟ್ ಪರಂಪರೆಗೆ ನಾಂದಿ ಹಾಡಿದ ಜಾನ್ ವೆಸ್ಲಿ 1742ರಲ್ಲಿ ಶುರು ಮಾಡಿದ ಹನ್ನೆರಡು ಜನರ ಸಣ್ಣ ಗುಂಪುಗಳು ಮುಂದೆ ವಾರವಾರ ಇದೇ ಕೆಲಸಕ್ಕೆ ಒದಗಿದವು. ನಿಮಗೆ ಒಬ್ಬರು ಸಾಕು: ಗುರುಗಳು, ಪಾಸ್ಟರಮ್ಮ, ಸಭೆಯ ಹಿರಿಯರು. ಹೆಣ್ಣುಮಕ್ಕಳು ಹೆಣ್ಣುಮಕ್ಕಳನ್ನೇ ಆರಿಸಿಕೊಳ್ಳಲಿ. ಗುಟ್ಟು ಉಳಿಸುವವರಾಗಿರಬೇಕು, ನಿಮ್ಮ ಸಂಬಂಧಿಕರಾಗಿರಬಾರದು. ಹದಿನೈದು ದಿನಕ್ಕೊಮ್ಮೆ ಅರ್ಧ ಗಂಟೆ ಭೇಟಿ. ಉಪದೇಶ ಬೇಡ, ಅವರು ಮೂರು ಪ್ರಶ್ನೆ ಕೇಳಿದರೆ ಸಾಕು. ದೇವರು ಏನು ಕೊಟ್ಟರು? ನೀವು ಏನು ಮಾಡಿದಿರಿ? ಮನೆಯವರು ಏನನ್ನು ಗಮನಿಸಿದ್ದಾರೆ? ಮೂರನೆಯದನ್ನು ಬಿಡಬೇಡಿ. ನೀವು ಬೆಳೆದಿದ್ದೀರೋ ಇಲ್ಲವೋ ನಿಮ್ಮ ನೋಟ್‌ಬುಕ್ಕಿಗಿಂತ ಮೊದಲು ನಿಮ್ಮ ಸೊಸೆಗೆ ಗೊತ್ತಾಗಿರುತ್ತದೆ.

ನಲವತ್ತನೆಯ ದಿನ ಆ ಇಬ್ಬರೂ ಕೂತು ಮೊದಲ ವಾರದ ಎರಡು ವಾಕ್ಯ ತೆಗೆದು ಓದಿ. ಬಿಗಿ ಇದ್ದ ಕಡೆ ಭಯ ಇಳಿದಿದೆಯೇ, ಸಡಿಲ ಇದ್ದ ಕಡೆ ಚುಕ್ಕೆ ಕಡಿಮೆಯಾಗಿವೆಯೇ ನೋಡಿ. ಭಯ ಇನ್ನೂ ಇದ್ದರೆ ಮುಂದಿನ ನಲವತ್ತು ದಿನ ಚುಕ್ಕೆಯ ಕೆಲಸ ಪೂರ್ತಿ ನಿಲ್ಲಿಸಿ, ರಾತ್ರಿಯ ಹತ್ತು ನಿಮಿಷವನ್ನೆಲ್ಲ ಕೃತಜ್ಞತೆಗೇ ಕೊಡಿ. ಭಯವಿಲ್ಲ, ಚುಕ್ಕೆಯೂ ಇಳಿದಿಲ್ಲ ಎಂದಾದರೆ ಅದೇ ತಪ್ಪನ್ನೇ ಇಟ್ಟುಕೊಂಡು, ಎರಡನೆಯ ವಾರದ ಹೆಜ್ಜೆಯನ್ನು ಬದಲಾಯಿಸಿ. ಎರಡೂ ಸುಧಾರಿಸಿದ್ದರೆ ಹೊಸ ತಪ್ಪನ್ನು ಆರಿಸುವ ಮುಂಚೆ ಒಂದು ವಾರ ಸುಮ್ಮನೆ ಸ್ತೋತ್ರ ಹೇಳಿ, ಡಬ್ಬಿಯ ದುಡ್ಡನ್ನು ಎಣಿಸಿ, ಯಾರಿಗೆ ಮುಟ್ಟಿಸಬೇಕು ಎಂದು ಮನೆಯವರನ್ನು ಕೇಳಿ.